‘ಪೋಷಕ ನಟಿ’ ಉಮಾಶ್ರೀ: ಕತೆಯ ಹಿಂದಿನ ಸಾಲಿನಲ್ಲಿ ನಿಂತವರ ಮುಖ

ಚಿಕ್ಕವಳಿದ್ದಾಗ ಉಮಾಶ್ರೀ ನಿಜವಾಗಿಯೂ ಮುದುಕಿ ಅಂತಲೇ ನಂಬಿದ್ದೆ. ಟಿವಿಯಲ್ಲಿ ‘ಪುಟ್ನಂಜ’ ಬಂದಾಗಲೆಲ್ಲ ನಮ್ಮಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಗೋಡೆಗೆ ಒರಗಿ ಕೂರೋರು. ಪುಟ್ಮಲ್ಲಿ ಬಾಯಿ ತೆಗೆದರೆ ಸಾಕು, ಅಜ್ಜಿಗೆ ನಗು. “ನೋಡೇ, ನನ್ನ ವಯಸ್ಸಿನೋಳು ಹೆಂಗೆ ಕುಣೀತಾಳೆ” ಅನ್ನೋರು.

ಎಷ್ಟೋ ವರ್ಷದ ನಂತರ ಕೂತು ಲೆಕ್ಕ ಹಾಕಿದೆ. ಉಮಾಶ್ರೀ ಹುಟ್ಟಿದ್ದು 1957ರಲ್ಲಿ. ‘ಪುಟ್ನಂಜ’ ತೆರೆಗೆ ಬಂದಿದ್ದು 1995ರಲ್ಲಿ. ಅಂದರೆ ಆಗ ಅವರಿಗೆ ಸುಮಾರು 38. ಮೊಮ್ಮಗನ ಪಾತ್ರ ಮಾಡಿದ್ದ ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಜ್ಜಿಗೂ ಮೊಮ್ಮಗನಿಗೂ ನಡುವೆ ಇದ್ದದ್ದು ಬರೀ ನಾಲ್ಕು ವರ್ಷ! ನಾಯಕಿ ಮೀನಾಗೆ ಇನ್ನೂ 20 ತುಂಬಿರಲಿಲ್ಲ.

ಇದನ್ನು ತಮಾಷೆಯ ಸಂಗತಿ ಅಂತ ನಕ್ಕು ಮುಂದೆ ಹೋಗಬಹುದು. ಆದರೆ ಒಂದು ಚಿತ್ರರಂಗ ಹೆಣ್ಣಿನ ವಯಸ್ಸನ್ನು ಹೇಗೆ ಎಣಿಸುತ್ತೆ ಅನ್ನೋದಕ್ಕೆ ಈ ಮೂರು ಅಂಕಿಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 34ರ ಗಂಡು ಹುಡುಗ. 38ರ ಹೆಣ್ಣು ಅಜ್ಜಿ. ಈ ಅನ್ಯಾಯದ ಲೆಕ್ಕದೊಳಗೇ ಇದ್ದುಕೊಂಡು, ಕೊಟ್ಟ ಅಜ್ಜಿಯ ವೇಷವನ್ನೇ ಇಡೀ ಸಿನಿಮಾದಲ್ಲಿ ಜನ ನೆನಪಿಟ್ಟುಕೊಳ್ಳುವ ಪಾತ್ರ ಮಾಡಿಬಿಟ್ಟವರು ಉಮಾಶ್ರೀ. ಇವತ್ತಿಗೂ ‘ಪುಟ್ನಂಜ’ ಅಂದರೆ ಎಷ್ಟೋ ಜನಕ್ಕೆ ಮೊದಲು ನೆನಪಾಗುವುದು ಪುಟ್ಮಲ್ಲಿಯೇ.

ನಾಯಕ, ನಾಯಕಿ ಅಲ್ಲದವರನ್ನು ಕನ್ನಡದಲ್ಲಿ ನಾವು ‘ಪೋಷಕ’ ಕಲಾವಿದರು ಅಂತೀವಿ. ಪೋಷಕ ಅಂದರೆ ಸಾಕುವವರು, ಪೊರೆಯುವವರು. ಪೋಸ್ಟರಿನಲ್ಲಿ ಮುಖ ಇರಲ್ಲ, ಆದರೆ ಕತೆಯನ್ನು ಹೊತ್ತು ಸಾಕುವ ಕೆಲಸ ಅವರದ್ದು. ನಮ್ಮ ಮನೆಗಳಲ್ಲಿ, ಹೊಲಗಳಲ್ಲಿ, ಕಚೇರಿಗಳಲ್ಲಿ ಹೆಂಗಸರು ಮಾಡೋದೂ ಇದನ್ನೇ ಅಲ್ಲವಾ? ಉಮಾಶ್ರೀ ಅವರ ನಾಲ್ಕೂವರೆ ದಶಕದ ಬದುಕನ್ನು ಈ ಒಂದು ಪದದ ಬೆಳಕಿನಲ್ಲಿ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನೊಣವಿನಕೆರೆಯ ಹುಡುಗಿ

ಉಮಾಶ್ರೀ ಹುಟ್ಟಿದ್ದು ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ, ನೇಕಾರಿಕೆಯ ದೇವಾಂಗ ಸಮುದಾಯದಲ್ಲಿ. ಮುರಿದುಬಿದ್ದ ಸಂಸಾರ, ಒಬ್ಬಂಟಿಯಾಗಿ ಇಬ್ಬರು ಮಕ್ಕಳನ್ನು ಸಾಕಿದ್ದು, ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚಿದ್ದು, ಇವನ್ನೆಲ್ಲ ಅವರೇ ಸಾರ್ವಜನಿಕವಾಗಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಹೊಟ್ಟೆಪಾಡು ಅನ್ನೋ ಮಾತನ್ನು ಇಲ್ಲಿ ಹಗುರವಾಗಿ ತಗೋಬಾರದು. ಕಲಾವಿದರ ಬಗ್ಗೆ ಬರೆಯುವಾಗ ನಮಗೆ ‘ಬಾಲ್ಯದಿಂದಲೇ ಕಲೆಯ ಸೆಳೆತ’ ಅಂತ ಶುರು ಮಾಡುವ ಚಾಳಿ. ಆದರೆ ಎಷ್ಟೋ ನಟಿಯರಿಗೆ ರಂಗವೇದಿಕೆ ಮೊದಲು ಕೂಲಿ, ಆಮೇಲೆ ಕಲೆ. ಎಪ್ಪತ್ತರ ದಶಕದಲ್ಲಿ ನಾಟಕ ಮಾಡುವ ಹೆಂಗಸು, ಅದರಲ್ಲೂ ಗಂಡನ ಜೊತೆ ಇಲ್ಲದ ಹೆಂಗಸು ಅಂದರೆ ಊರು ಯಾವ ಕಣ್ಣಲ್ಲಿ ನೋಡುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಆ ನೋಟವನ್ನು ದಾಟಿ ಬರುವುದೇ ಒಬ್ಬ ನಟಿಯ ಮೊದಲ ದೊಡ್ಡ ಪಾತ್ರ.

ಸಾಕವ್ವನ ಒಡಲು

ಉಮಾಶ್ರೀಯವರನ್ನು ಬರೀ ಸಿನಿಮಾದಲ್ಲಿ ನೋಡಿದವರಿಗೆ ಅವರ ಅರ್ಧ ಮಾತ್ರ ಗೊತ್ತು. ಉಳಿದರ್ಧ ತಿಳಿಯಬೇಕಾದರೆ ‘ಒಡಲಾಳ’ಕ್ಕೆ ಬರಬೇಕು.

ದೇವನೂರ ಮಹಾದೇವ ಅವರ ‘ಒಡಲಾಳ’ದ ಕೇಂದ್ರದಲ್ಲಿ ಇರೋದು ಸಾಕವ್ವ ಎಂಬ ದಲಿತ ಅಜ್ಜಿ. ಅವಳ ಹುಂಜ ಕಳೆದುಹೋಗಿದೆ, ಹುಡುಕುತ್ತಿದ್ದಾಳೆ. ರಾತ್ರಿ ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು, ಸಾಹುಕಾರ ಎತ್ತಪ್ಪನ ಕಡೆಯಿಂದ ಕದ್ದು ತಂದ ಕಡಲೆಕಾಯಿಯನ್ನು ಸುಟ್ಟು ತಿಂದು ಮುಗಿಸುತ್ತಾರೆ. ಬೆಳಗಾದರೆ ಪೊಲೀಸರು. ಹಸಿವು ಮತ್ತು ಕಳ್ಳತನದ ನಡುವಿನ ಗೆರೆಯನ್ನು ಎಳೆಯುವವರು ಯಾರು ಅಂತ ಆ ಪುಟ್ಟ ಕೃತಿ ಕೇಳುವಷ್ಟು ಗಟ್ಟಿಯಾಗಿ ನಮ್ಮ ಎಷ್ಟೋ ದಪ್ಪ ಪುಸ್ತಕಗಳು ಕೇಳಿಲ್ಲ.

ಇದನ್ನು ‘ರಂಗಸಂಪದ’ ತಂಡಕ್ಕಾಗಿ ರಂಗಕ್ಕೆ ತಂದವರು ಸಿ.ಜಿ. ಕೃಷ್ಣಸ್ವಾಮಿ. ಕನ್ನಡ ರಂಗಭೂಮಿಗೆ ಅವರು ಸಿಜಿಕೆ. ‘ಸಮುದಾಯ’ ತಂಡದ ಬೀದಿನಾಟಕ ‘ಬೆಲ್ಚಿ’ಯನ್ನು ನಿರ್ದೇಶಿಸಿದವರು. ಅವರ ಸಾಕವ್ವ ಉಮಾಶ್ರೀ. ಸಾಕವ್ವನ ವಯಸ್ಸಿಗೂ ಉಮಾಶ್ರೀ ವಯಸ್ಸಿಗೂ ಸಂಬಂಧವೇ ಇರಲಿಲ್ಲ. ಇಲ್ಲೂ ಅವರು ಅಜ್ಜಿಯೇ. ಆದರೆ ಈ ಅಜ್ಜಿಗೂ ಪುಟ್ಮಲ್ಲಿಗೂ ವ್ಯತ್ಯಾಸ ಇದೆ. ಇಲ್ಲಿ ಅಜ್ಜಿ ಯಾರ ಕತೆಗೂ ಪೋಷಕಳಲ್ಲ. ಕತೆಯೇ ಅವಳದು.

ಕನ್ನಡ ರಂಗಭೂಮಿಯ ಹಳಬರನ್ನು ಕೇಳಿ ನೋಡಿ. ಉಮಾಶ್ರೀ ಅಂದರೆ ಅವರು ಇವತ್ತಿಗೂ ಮೊದಲು ಹೇಳುವ ಹೆಸರು ಸಾಕವ್ವ. ಎಪ್ಪತ್ತು, ಎಂಬತ್ತರ ದಶಕದ ದಲಿತ, ಬಂಡಾಯ ಚಳವಳಿಗಳು ಪುಸ್ತಕದಲ್ಲಿ ಹೇಳಿದ್ದನ್ನು ಒಂದು ದೇಹ, ಒಂದು ದನಿ ಜನರ ಎದುರು ನಿಂತು ಹೇಳಿತು. ದಲಿತ ಅಜ್ಜಿಯ ಪಾತ್ರವನ್ನು ದಲಿತರಲ್ಲದ ನಟಿ ಮಾಡಿದ್ದರ ಬಗ್ಗೆ ಇವತ್ತು ನಾವು ಪ್ರಶ್ನೆ ಎತ್ತಬಹುದು, ಎತ್ತಲೂಬೇಕು. ಯಾರ ಕತೆ ಯಾರ ಬಾಯಲ್ಲಿ ಅನ್ನೋದು ಸಣ್ಣ ಪ್ರಶ್ನೆಯಲ್ಲ. ಅದರ ಜೊತೆಗೇ, ಆ ಕಾಲದ ಬೆಂಗಳೂರಿನ ಸಭಾಂಗಣದ ಮೆತ್ತನೆ ಕುರ್ಚಿಗಳ ಎದುರು ಸಾಕವ್ವ ಬಂದು ನಿಂತದ್ದೂ ಸಣ್ಣ ಸಂಗತಿಯಲ್ಲ ಅನ್ನೋದನ್ನು ಒಪ್ಪಿಕೊಳ್ಳಬೇಕು.

ನಗಿಸುವ ಕೂಲಿ

ಸಿನಿಮಾ ಈ ನಟಿಯನ್ನು ಹೇಗೆ ಬಳಸಿಕೊಂಡಿತು? 1984ರಲ್ಲಿ ಬಂದ ಕಾಶೀನಾಥ್ ಅವರ ‘ಅನುಭವ’ದಿಂದ ಉಮಾಶ್ರೀ ಮನೆಮಾತಾದರು. ಗಂಡು ಹೆಣ್ಣಿನ ದೇಹದ ಬಗ್ಗೆ ಹಳ್ಳಿಯ ಹಿನ್ನೆಲೆಯಲ್ಲಿ ಮಾತಾಡಿದ ಆ ಚಿತ್ರವನ್ನು ಜನ ಮುಗಿಬಿದ್ದು ನೋಡಿದರು, ಹೊರಗೆ ಬಂದು ಮೂಗು ಮುರಿದರು. ಪದ್ದಿಯ ಪಾತ್ರ ಉಮಾಶ್ರೀಗೆ ಹೆಸರು ತಂದುಕೊಟ್ಟಿತು. ಅದರ ಜೊತೆಗೇ ಒಂದು ಚೌಕಟ್ಟನ್ನೂ ತಂದು ಹಾಕಿತು.

ಮುಂದಿನ ವರ್ಷಗಳಲ್ಲಿ ಎನ್.ಎಸ್. ರಾವ್ ಅವರಂಥ ಹಾಸ್ಯನಟರ ಜೋಡಿಯಾಗಿ ಅವರು ಸಿನಿಮಾದಿಂದ ಸಿನಿಮಾಕ್ಕೆ ಓಡಾಡಿದರು. ಆ ಕಾಲದ ಹಾಸ್ಯದ ಟ್ರ್ಯಾಕ್ ಹೇಗಿರುತ್ತಿತ್ತು ಅಂತ ಯೂಟ್ಯೂಬಿನಲ್ಲಿ ನೋಡಿದವರಿಗೆ ಗೊತ್ತು. ಮುಖ್ಯ ಕತೆಗೆ ಸಂಬಂಧವೇ ಇಲ್ಲದ ತುಣುಕುಗಳು, ದ್ವಂದ್ವಾರ್ಥದ ಸಂಭಾಷಣೆ, ಗಂಡಸಿನ ಚಪಲ, ಹೆಂಗಸಿನ ಬಜಾರಿತನ. ನಾಯಕಿ ಶೀಲವಂತೆಯಾಗಿ ಉಳಿಯಬೇಕು ಅಂದರೆ ಎಲ್ಲ ‘ಕೊಳಕು’ ಮಾತನ್ನೂ ಆಡುವುದಕ್ಕೆ ಇನ್ನೊಬ್ಬ ಹೆಣ್ಣು ಬೇಕಲ್ಲ? ಆ ಇನ್ನೊಬ್ಬಳು ಸಾಮಾನ್ಯವಾಗಿ ಮನೆಗೆಲಸದವಳು, ಸೊಪ್ಪು ಮಾರುವವಳು, ವಠಾರದ ಜಗಳಗಂಟಿ. ಬಡವಿ, ಕೆಳಜಾತಿಯವಳು ಅಂತ ಬಾಯಿಬಿಟ್ಟು ಹೇಳದೆಯೂ ಗೊತ್ತಾಗುವಂತೆ ಉಟ್ಟ ಸೀರೆ, ಆಡುವ ಭಾಷೆ.

ಇದರಲ್ಲಿ ಒಂದು ರಾಜಕಾರಣ ಇದೆ. ನಾಯಕಿ ‘ಶುದ್ಧ’ ಕನ್ನಡ ಮಾತಾಡಬೇಕು. ತುಮಕೂರು, ಮಂಡ್ಯ, ಹುಬ್ಬಳ್ಳಿಯ ಮಾತು ನಗುವುದಕ್ಕೆ. ನಮ್ಮವ್ವ, ನಮ್ಮಜ್ಜಿ ದಿನಾ ಆಡುವ ಮಾತು ತೆರೆಯ ಮೇಲೆ ಬಂದ ಕೂಡಲೇ ಕಾಮಿಡಿ ಆಗಿಬಿಡುತ್ತೆ. ಉಮಾಶ್ರೀ ಹತ್ತಾರು ವರ್ಷ ಈ ವ್ಯವಸ್ಥೆಯೊಳಗೇ ದುಡಿದರು. ಆ ಪಾತ್ರಗಳಲ್ಲಿ ಎಷ್ಟೋ ಇವತ್ತು ಕೂತು ನೋಡಲು ಮುಜುಗರ ಆಗುತ್ತೆ. ಅದನ್ನು ಮರೆಮಾಚುವ ಅಗತ್ಯ ಇಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. ಆ ಅಗ್ಗದ ಸಂಭಾಷಣೆಯ ನಡುವೆ ಅವರ ಕಣ್ಣು, ಕೈಬೀಸು, ಸೆರಗು ಸಿಕ್ಕಿಸಿಕೊಳ್ಳುವ ರೀತಿ ನೋಡಿ. ತನ್ನನ್ನು ನೋಡಿ ನಗುವವರನ್ನು ತಾನೂ ನೋಡಿ ನಗುತ್ತಿರುವ ಹೆಂಗಸು ಅಲ್ಲಿದ್ದಾಳೆ. ನಾಯಕಿಗೆ ಇಲ್ಲದ ಒಂದು ಸ್ವಾತಂತ್ರ್ಯ ಈ ಪಾತ್ರಗಳಿಗಿತ್ತು. ಗಂಡನಿಗೆ ಎದುರುತ್ತರ ಕೊಡಬಹುದು, ಬೈಯಬಹುದು, ಆಸೆಯನ್ನು ಆಸೆ ಅಂತ ಹೇಳಬಹುದು. ನಮ್ಮಜ್ಜಿ ನಗುತ್ತಿದ್ದುದು ಬಹುಶಃ ಇದಕ್ಕೇ. ತಾನು ಜೀವಮಾನವಿಡೀ ನುಂಗಿಕೊಂಡ ಮಾತನ್ನು ಪುಟ್ಮಲ್ಲಿ ಗಟ್ಟಿಯಾಗಿ ಆಡುತ್ತಿದ್ದಳು.

ಈ ನಡುವೆಯೂ ಬೇರೆ ಬಗೆಯ ಚಿತ್ರಗಳು ಅವರನ್ನು ಹುಡುಕಿಕೊಂಡು ಬಂದವು. ಕುಂ. ವೀರಭದ್ರಪ್ಪ ಅವರ ಕತೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ಮಾಡಿದ ‘ಕೊಟ್ರೇಶಿ ಕನಸು’ ಅವುಗಳಲ್ಲಿ ಒಂದು. ಓದುವ ಆಸೆ ಹೊತ್ತ ದಲಿತ ಹುಡುಗನ ಕತೆ ಅದು. ಯೋಗರಾಜ್ ಭಟ್ ಅವರ ‘ಮಣಿ’ ಇನ್ನೊಂದು.

ಗುಲಾಬಿ ದೋಣಿ ಹತ್ತಿದಾಗ

ಸಿನಿಮಾ ಉಮಾಶ್ರೀಗೆ ‘ಒಡಲಾಳ’ದಷ್ಟೇ ದೊಡ್ಡ ಪಾತ್ರ ಕೊಟ್ಟಾಗ ಅವರಿಗೆ 50 ವರ್ಷ. ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’, ವೈದೇಹಿಯವರ ಕತೆಯನ್ನು ಆಧರಿಸಿದ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಕುದ್ರು. ಅಲ್ಲೊಬ್ಬಳು ಮುಸ್ಲಿಂ ಸೂಲಗಿತ್ತಿ, ಗುಲಾಬಿ. ಗಂಡ ಮೂಸಾ ಬೇರೆ ಸಂಸಾರ ಕಟ್ಟಿಕೊಂಡಿದ್ದಾನೆ. ಗುಲಾಬಿಗೆ ಇರುವುದು ಒಂದೇ ಹುಚ್ಚು, ಸಿನಿಮಾ. ಹೆರಿಗೆ ಮಾಡಿಸಿದ್ದಕ್ಕೆ ಕೃತಜ್ಞತೆಯಾಗಿ ಅವಳ ಮನೆಗೆ ಬಣ್ಣದ ಟಿವಿ, ಡಿಶ್ ಬರುತ್ತೆ. ಅಲ್ಲಿಯವರೆಗೆ ಅವಳ ಹೊಸಿಲು ತುಳಿಯದ ಹೆಂಗಸರೂ ಟಿವಿ ನೋಡಲು ಬಂದು ಕೂರುತ್ತಾರೆ.

ಕಾಲ 1999, ಕಾರ್ಗಿಲ್ ಯುದ್ಧದ ದಿನಗಳು. ಅದೇ ಹೊತ್ತಿಗೆ ಕರಾವಳಿಯಲ್ಲಿ ಸಣ್ಣ ಮೀನುಗಾರರಿಗೂ ದೊಡ್ಡ ಬೋಟುಗಳವರಿಗೂ ತಿಕ್ಕಾಟ. ಹೊಟ್ಟೆಪಾಡಿನ ಜಗಳ ನಿಧಾನಕ್ಕೆ ಧರ್ಮದ ಬಣ್ಣ ಬಳಿದುಕೊಳ್ಳುತ್ತೆ. ಊರಿನ ಒಬ್ಬ ಹೆಣ್ಣುಮಗಳು ಕಾಣೆಯಾದಾಗ ಬೆರಳುಗಳು ಗುಲಾಬಿಯ ಕಡೆ ತಿರುಗುತ್ತವೆ. ಊರಿನ ಮಕ್ಕಳನ್ನೆಲ್ಲ ಭೂಮಿಗೆ ಇಳಿಸಿಕೊಂಡ ಕೈ ಅದು. ಆ ಕೈಯನ್ನೇ ಹಿಡಿದು ದೋಣಿ ಹತ್ತಿಸಿ ಕುದ್ರುವಿನಿಂದ ಆಚೆ ಕಳಿಸುತ್ತಾರೆ.

2008ರಲ್ಲಿ ತೆರೆಕಂಡ ಈ ಸಿನಿಮಾವನ್ನು ಇವತ್ತು ನೋಡಿ. ಕರಾವಳಿಯಲ್ಲಿ ಆಮೇಲೆ ನಡೆದಿದ್ದು, ಈಗಲೂ ನಡೆಯುತ್ತಿರುವುದು ಎಲ್ಲ ಅದರಲ್ಲಿದೆ. ಕಾಲೇಜಿನಲ್ಲಿದ್ದಾಗ ಮೊದಲ ಸಲ ನೋಡಿದಾಗ ನನಗೆ ತಟ್ಟಿದ್ದು ಗುಲಾಬಿ ಟಿವಿ ನೋಡುವಾಗಿನ ಮುಖ. ಬೆರಗು, ಆಸೆ, ಒಂಟಿತನ ಎಲ್ಲ ಒಟ್ಟಿಗೆ. ಡೈಲಾಗ್ ಹೊಡೆದು ನಗಿಸುತ್ತಿದ್ದ ನಟಿ ಇಲ್ಲಿ ಮಾತೇ ಕಡಿಮೆ ಮಾಡಿಬಿಟ್ಟಿದ್ದರು.

ಈ ಪಾತ್ರಕ್ಕೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಪೋಷಕ ನಟಿ ಪ್ರಶಸ್ತಿ ಅಲ್ಲ, ಅತ್ಯುತ್ತಮ ನಟಿ. ಕನ್ನಡ ಚಿತ್ರಕ್ಕೆ ಈ ಪ್ರಶಸ್ತಿ ಅದಕ್ಕೂ ಮುಂಚೆ ಬಂದಿದ್ದು ‘ಕಾಡು’ ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ ಅವರಿಗೆ, ‘ಹಸೀನಾ’ಕ್ಕಾಗಿ ತಾರಾ ಅವರಿಗೆ. ಆಮೇಲೆ 2010ರಲ್ಲಿ ಕಾಸರವಳ್ಳಿಯವರದೇ ‘ಕನಸೆಂಬೋ ಕುದುರೆಯನೇರಿ’ ಬಂತು. ಅಮರೇಶ ನುಗಡೋಣಿಯವರ ಕತೆ. ಹೆಣಕ್ಕೆ ಗುಂಡಿ ತೋಡುವ ಈರ್ಯನಾಗಿ ವೈಜನಾಥ ಬಿರಾದಾರ್, ಅವನ ಹೆಂಡತಿ ರುದ್ರಿಯಾಗಿ ಉಮಾಶ್ರೀ. ಇಬ್ಬರೂ ಕಮರ್ಷಿಯಲ್ ಸಿನಿಮಾ ಬರೀ ನಗುವಿಗೆ ಬಳಸಿಕೊಂಡ ಮುಖಗಳು. ಅದೇ ಮುಖಗಳು ಕ್ಯಾಮೆರಾದ ನಡುಮಧ್ಯಕ್ಕೆ ಬಂದಾಗ ನಾವು ಇಷ್ಟು ವರ್ಷ ಏನನ್ನು ನೋಡದೆ ಕಳಕೊಂಡಿದ್ದೆವು ಅಂತ ಗೊತ್ತಾಯಿತು.

ತೇರದಾಳದ ಕಣದಲ್ಲಿ

ಉಮಾಶ್ರೀ ಬದುಕಿನ ಇನ್ನೊಂದು ವೇದಿಕೆ ರಾಜಕೀಯ. ಕಾಂಗ್ರೆಸ್ಸಿನಿಂದ ವಿಧಾನ ಪರಿಷತ್ ಸದಸ್ಯೆಯಾಗಿದ್ದ ಅವರು 2008ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ಸ್ಪರ್ಧಿಸಿದರು. ರಬಕವಿ–ಬನಹಟ್ಟಿಯ ಮಗ್ಗಗಳ ಸೀಮೆ ಅದು. ತುಮಕೂರಿನ ನೇಕಾರ ಸಮುದಾಯದ ಹೆಣ್ಣುಮಗಳು ಅಷ್ಟು ದೂರದ ಉತ್ತರ ಕರ್ನಾಟಕದ ಕ್ಷೇತ್ರಕ್ಕೆ ಹೋಗಿದ್ದರ ಹಿಂದಿನ ಲೆಕ್ಕ ಇದೇ. ಮೊದಲ ಸಲ ಬಿಜೆಪಿಯ ಸಿದ್ದು ಸವದಿ ಎದುರು ಸೋತರು. ಕ್ಷೇತ್ರ ಬಿಡಲಿಲ್ಲ. 2013ರಲ್ಲಿ ಅವರ ಎದುರೇ ಗೆದ್ದರು.

ಸಿದ್ದರಾಮಯ್ಯನವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳ ಸಚಿವೆಯಾದರು. ಆ ಅವಧಿಯ ಬಹುಪಾಲು ಸಂಪುಟದಲ್ಲಿ ಇದ್ದ ಒಬ್ಬಳೇ ಹೆಣ್ಣು ಅವರು. ಇಡೀ ಮಂತ್ರಿಮಂಡಲದಲ್ಲಿ ಒಬ್ಬರು! ಆ ಒಬ್ಬರಿಗೆ ಕೊಟ್ಟ ಖಾತೆಯೂ ‘ಪೋಷಕ’ ಖಾತೆಯೇ. ಮಕ್ಕಳು, ಹೆಂಗಸರು, ವೃದ್ಧರು, ಪೌಷ್ಟಿಕ ಆಹಾರ. ಹಣಕಾಸು, ಕಂದಾಯ, ಗೃಹ ಖಾತೆಗಳು ನಾಯಕರ ಪಾತ್ರಗಳು, ಅವು ಗಂಡಸರಿಗೆ. ಸಿನಿಮಾ ಮತ್ತು ಸರ್ಕಾರದ ಪಾತ್ರ ಹಂಚಿಕೆ ಎಷ್ಟು ಒಂದೇ ಥರ ಇದೆ ನೋಡಿ.

ಅವರ ಇಲಾಖೆ 2017ರ ಅಕ್ಟೋಬರ್ 2ರಂದು ‘ಮಾತೃಪೂರ್ಣ’ ಯೋಜನೆ ಶುರು ಮಾಡಿತು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಹೊತ್ತು ಬಿಸಿಯೂಟ. ಒಳ್ಳೆಯ ಆಲೋಚನೆಯೇ. ಆದರೆ ಮಲೆನಾಡಿನ ಗುಡ್ಡಗಾಡಿನಲ್ಲಿ ತುಂಬು ಬಸುರಿ, ಹಸಿ ಬಾಣಂತಿ ಊಟಕ್ಕಾಗಿ ದಿನಾ ಅಂಗನವಾಡಿಗೆ ನಡೆದು ಬರುವುದು ಹೇಗೆ ಅನ್ನೋ ಪ್ರಶ್ನೆಯೂ ಎದ್ದಿತು. ಅಡುಗೆ ಮಾಡಿ ಬಡಿಸುವ ಹೊರೆ ಬಿದ್ದಿದ್ದು ಅಂಗನವಾಡಿ ಹೆಂಗಸರ ಮೇಲೆ.

ಅದೇ ವರ್ಷ ಮಾರ್ಚ್‌ನಲ್ಲಿ ಆ ಹೆಂಗಸರೇ ಸಾವಿರಾರು ಸಂಖ್ಯೆಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ರಸ್ತೆಯಲ್ಲಿ ಹಗಲೂ ರಾತ್ರಿ ಕೂತಿದ್ದರು. ಗೌರವಧನ ಹೆಚ್ಚಿಸಿ ಅನ್ನುವುದು ಅವರ ಬೇಡಿಕೆ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಡಾಂಬರಿನ ಮೇಲೆ ಮಲಗಿದ್ದ ಅವರ ಫೋಟೋಗಳನ್ನು ನೋಡಿದಾಗ ನನಗೆ ನೆನಪಾಗಿದ್ದು ಸಾಕವ್ವ. ಅವರ ಇಲಾಖೆಯ ಸಚಿವೆಯೂ ಒಂದು ಕಾಲದ ಸಾಕವ್ವನೇ. ರಂಗದ ಮೇಲೆ ಹಸಿದವರ ದನಿಯಾಗುವುದು ಬೇರೆ, ಅಧಿಕಾರದ ಕುರ್ಚಿಯಲ್ಲಿ ಕೂತು ಹಸಿದವರಿಗೆ ಉತ್ತರ ಕೊಡುವುದು ಬೇರೆ. ಬಜೆಟ್ಟಿನ ಕೀಲಿಕೈ ಆ ಇಲಾಖೆಯ ಬಳಿ ಇರಲಿಲ್ಲ ಅನ್ನುವುದು ನಿಜ. ಬೀದಿಯಲ್ಲಿದ್ದವರಿಗೆ ಅದು ಸಮಾಧಾನ ಅಲ್ಲ ಅನ್ನುವುದೂ ಅಷ್ಟೇ ನಿಜ. ಉಮಾಶ್ರೀಯವರನ್ನು ಮೆಚ್ಚುವ ನಾವು ಈ ಅಧ್ಯಾಯವನ್ನು ಹಾರಿಸಿ ಓದಬಾರದು.

2018ರಲ್ಲಿ ಅವರು ತೇರದಾಳದಲ್ಲಿ ಸೋತರು. 2023ರಲ್ಲಿ ಪಕ್ಷ ಅಲ್ಲಿ ಬೇರೆಯವರಿಗೆ ಟಿಕೆಟ್ ಕೊಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಲಾಯಿತು. ಕಲಾವಿದೆಗೆ ಪರಿಷತ್ತಿನಲ್ಲಿ ಜಾಗ ಸಿಗುವುದು ಸರಿಯೇ, ಸಂವಿಧಾನ ಹೇಳುವುದೂ ಅದನ್ನೇ. ಆದರೆ ಹೆಂಗಸರಿಗೆ ನಾಮಕರಣದ ಬಾಗಿಲು ತೆಗೆಯುವ ಪಕ್ಷಗಳು ಗೆಲ್ಲುವ ಕ್ಷೇತ್ರದ ಬಾಗಿಲನ್ನು ಎಷ್ಟು ತೆಗೆಯುತ್ತವೆ? 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10. ಇದು ಒಬ್ಬ ಉಮಾಶ್ರೀಯ ಕತೆಯಲ್ಲ.

ಮತ್ತೆ ಬಣ್ಣ

ಚುನಾವಣೆ ಸೋತ ನಟರು ಸಾಮಾನ್ಯವಾಗಿ ನೆನಪಿನ ಸಂದರ್ಶನಗಳಲ್ಲಿ ಉಳಿದುಹೋಗುತ್ತಾರೆ. ಉಮಾಶ್ರೀ ಮತ್ತೆ ಕೆಲಸಕ್ಕೆ ಬಂದರು. 2021ರ ‘ರತ್ನನ್ ಪ್ರಪಂಚ’ದಲ್ಲಿ ಧನಂಜಯ್ ಅವರ ತಾಯಿ ಸರೋಜಳಾಗಿ ಅವರನ್ನು ಓಟಿಟಿಯಲ್ಲಿ ನೋಡಿದ ನನ್ನ ವಯಸ್ಸಿನ ಎಷ್ಟೋ ಗೆಳೆಯರಿಗೆ ಅದೇ ಅವರ ಮೊದಲ ಸಿನಿಮಾ! ಹೆತ್ತವಳಲ್ಲ, ಸಾಕಿದವಳು. ಮಗನ ಪ್ರಾಣ ತಿನ್ನುವ, ವಠಾರವೇ ಕೇಳುವಂತೆ ಕಿರುಚುವ ಅಮ್ಮ. ಮಗ ಹೆತ್ತ ತಾಯಿಯನ್ನು ಹುಡುಕಿಕೊಂಡು ಊರೂರು ಅಲೆದು ಕೊನೆಗೆ ತಿಳಿಯುವುದು ಸಾಕಿದವಳ ಬೆಲೆಯನ್ನು. ಪೋಷಕ ಅನ್ನೋ ಪದದ ಅರ್ಥವನ್ನು ಇಡೀ ಸಿನಿಮಾ ಬಿಡಿಸಿ ಹೇಳಿದಂತಿದೆ.

ಅದೇ ವರ್ಷದ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾಯಿತು. ಮೂರೂ ಹೆಣ್ಣೇ ಹೆತ್ತಳು ಅಂತ ಗಂಡ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮಕ್ಕಳನ್ನು ಸಾಕುತ್ತಾಳೆ. ಸೀರಿಯಲ್ ಅಂದರೆ ಮೂಗು ಮುರಿಯುವ ನಾನೂ ಅಮ್ಮನ ಪಕ್ಕ ಕೂತು ಎಷ್ಟೋ ಸಂಜೆ ನೋಡಿದ್ದೇನೆ. ಧಾರಾವಾಹಿಯ ಎಳೆದಾಟ, ಕಣ್ಣೀರು ಎಲ್ಲ ಇದ್ದದ್ದೇ. ಆದರೆ ಪ್ರೈಂ ಟೈಮಿನಲ್ಲಿ 60 ದಾಟಿದ ಹೆಂಗಸನ್ನು, ಅದೂ ಬೆವರು ಒರೆಸಿಕೊಂಡು ಒಲೆ ಮುಂದೆ ನಿಂತ ಹೆಂಗಸನ್ನು ಕೇಂದ್ರದಲ್ಲಿಟ್ಟು ವರ್ಷಗಟ್ಟಲೆ ಜನ ಒಂದು ಕತೆ ನೋಡಿದರು ಅನ್ನುವುದು ಸಣ್ಣ ಮಾತಲ್ಲ.

ರಂಗವನ್ನೂ ಅವರು ಬಿಟ್ಟಿಲ್ಲ. ಬೇಲೂರು ರಘುನಂದನ್ ಬರೆದು, ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ಯಲ್ಲಿ ಒಬ್ಬರೇ ನಿಂತು ಇಡೀ ನಾಟಕ ಹೊರುತ್ತಾರೆ. ಯಯಾತಿಯ ಕತೆಯಲ್ಲಿ ರಾಜಕುಮಾರಿಯಾಗಿ ಹುಟ್ಟಿಯೂ ದೇವಯಾನಿಯ ದಾಸಿಯಾಗಬೇಕಾದವಳು ಶರ್ಮಿಷ್ಠೆ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಜೊತೆ ಯಕ್ಷಗಾನದ ಗೆಜ್ಜೆ ಕಟ್ಟಿದರು. ಆಗ ಅವರಿಗೆ 67. ಪಾತ್ರ ಮಂಥರೆ. ಅರಮನೆಯ ಗಂಡಸರ ಉತ್ತರಾಧಿಕಾರದ ಜಗಳಕ್ಕೆ ಇವತ್ತಿಗೂ ನಾವು ಬೈಯುತ್ತಿರುವುದು ಒಬ್ಬ ಗೂನುಬೆನ್ನಿನ ದಾಸಿಯನ್ನು.

ಸಾಕವ್ವ, ಪುಟ್ಮಲ್ಲಿ, ಗುಲಾಬಿ, ರುದ್ರಿ, ಸರೋಜ, ಪುಟ್ಟಕ್ಕ, ಶರ್ಮಿಷ್ಠೆ, ಮಂಥರೆ. ಹೆಸರುಗಳನ್ನು ಸಾಲಾಗಿ ಬರೆದುಕೊಂಡು ನೋಡಿದೆ. ಕೂಲಿ, ಸೂಲಗಿತ್ತಿ, ದಾಸಿ, ಸಾಕುತಾಯಿ, ಮೆಸ್ಸಿನ ಅಕ್ಕ. ಕತೆಯ ಹಿಂದಿನ ಸಾಲಿನಲ್ಲಿ ನಿಂತು ಬೇರೆಯವರ ಬದುಕನ್ನು ಹೊತ್ತವರು ಎಲ್ಲರೂ. ಅವರನ್ನು ಮುಂದಿನ ಸಾಲಿಗೆ ಕರೆತರುವ ಕೆಲಸ ಕೆಲವು ಸಲ ನಾಟಕ ಮಾಡಿತು, ಕೆಲವು ಸಲ ಸಿನಿಮಾ ಮಾಡಿತು. ರಾಜಕೀಯ ಇನ್ನೂ ಮಾಡಬೇಕಿದೆ.

ಅಜ್ಜಿ ಈಗಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ: ಅಜ್ಜೀ, ಪುಟ್ಮಲ್ಲಿ ನಿನ್ನ ವಯಸ್ಸಿನೋಳಲ್ಲ ಕಣೇ, ಅಮ್ಮನ ವಯಸ್ಸಿನೋಳು. ಅಜ್ಜಿ ನಂಬುತ್ತಿರಲಿಲ್ಲ. “ಸುಮ್ನಿರೇ, ಅವಳು ನಮ್ಮೋಳು” ಅಂದು ಮತ್ತೆ ಗೋಡೆಗೆ ಒರಗಿ ಕೂರುತ್ತಿದ್ದಳು.